ಮೈಸೂರು ಈ ಸಲ ಪ್ಲೇಆಫ್‌ಗೆ ಹೋಗುತ್ತಾ? ಕೇಳುವವರಿಗೆಲ್ಲ ಒಂದೇ ಉತ್ತರ

ಆಗಸ್ಟ್ ಬಂತು ಅಂದ್ರೆ ಈ ಪ್ರಶ್ನೆ ನನಗೆ ತಪ್ಪಿದ್ದಲ್ಲ. ನಮ್ಮ ರಾಜ್ಯದ ಟಿ20 ಕ್ರಿಕೆಟ್ ಟೂರ್ನಿ ಮಹಾರಾಜ ಟ್ರೋಫಿಯಲ್ಲಿ ಮೈಸೂರು ವಾರಿಯರ್ಸ್ ಎರಡು ಪಂದ್ಯ ಆಡಿರುತ್ತದೆ ಅಷ್ಟೇ, ಆಗಲೇ ಶುರು. "ಸಾರ್, ನಮ್ಮವರು ಪ್ಲೇಆಫ್‌ಗೆ ಹೋಗ್ತಾರಾ?" ನಂಜುಮಳಿಗೆ ಸರ್ಕಲ್ ಹತ್ತಿರ ಟೀ ಕುಡಿಯುವಾಗ ಕೇಳುತ್ತಾರೆ. ಮದುವೆ ಊಟದ ಪಂಕ್ತಿಯಲ್ಲಿ ಕೋಸಂಬರಿ ಬಡಿಸುತ್ತಿರುವಾಗಲೂ ಕೇಳುತ್ತಾರೆ. ನಾನೇನು ಕೋಚ್ ಅಲ್ಲ, ಜ್ಯೋತಿಷಿಯೂ ಅಲ್ಲ. ಪಾಯಿಂಟ್ಸ್ ಟೇಬಲ್ ನೋಡುವ ಹುಚ್ಚು ಸ್ವಲ್ಪ ಜಾಸ್ತಿ, ಅಷ್ಟೇ.

ನನ್ನ ಉತ್ತರ ಚಿಕ್ಕದು. ಆರು ಪಂದ್ಯ ಗೆದ್ದರೆ ಹೋಗುತ್ತಾರೆ.

ಇದು ಅಭಿಮಾನದ ಮಾತಲ್ಲ, ಲೆಕ್ಕ. ಟೂರ್ನಿಯಲ್ಲಿ ಆರು ತಂಡ: ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರು, ಗುಲ್ಬರ್ಗ, ಶಿವಮೊಗ್ಗ. ಪ್ರತಿ ತಂಡವೂ ಉಳಿದ ಐದರ ಜೊತೆ ಎರಡೆರಡು ಸಲ ಆಡುತ್ತದೆ. ಅಂದ್ರೆ ಒಬ್ಬೊಬ್ಬರಿಗೆ ಹತ್ತು ಪಂದ್ಯ, ಒಟ್ಟು 30. ಗೆದ್ದರೆ ಎರಡು ಅಂಕ, ಮಳೆಗೆ ರದ್ದಾದರೆ ತಲಾ ಒಂದು. ಹೇಗೆ ಹಂಚಿದರೂ ಲೀಗ್ ಮುಗಿಯುವಾಗ ಟೇಬಲ್ ಮೇಲೆ ಇರುವುದು 60 ಅಂಕ ಮಾತ್ರ. ಮೊದಲ ನಾಲ್ಕು ತಂಡ ಪ್ಲೇಆಫ್‌ಗೆ, ಅಂದ್ರೆ ಕಪ್ ನಿರ್ಧಾರವಾಗುವ ಕೊನೇ ಸುತ್ತಿಗೆ. ಆರು ಗೆದ್ದು 12 ಅಂಕ ಮಾಡಿದ ತಂಡ ಐದನೇ ಸ್ಥಾನಕ್ಕೆ ಬೀಳಬೇಕಾದರೆ ಬೇರೆ ನಾಲ್ಕು ತಂಡಕ್ಕೂ ಕನಿಷ್ಠ 12 ಬಂದಿರಬೇಕು. ಐದು ಹನ್ನೆರಡಲಿ 60. ಅಲ್ಲಿಗೆ ಆರನೇ ತಂಡ ಹತ್ತಕ್ಕೆ ಹತ್ತೂ ಸೋತಿರಬೇಕು! ಅಂಥದ್ದು ಆಗಲ್ಲ ಅಂತ ನಾನು ಹೇಳಲ್ಲ. ಆದರೆ ಆ ಭಯಕ್ಕೆ ನಿದ್ದೆ ಕೆಡಿಸಿಕೊಳ್ಳುವವರನ್ನು ನಾನಿನ್ನೂ ನೋಡಿಲ್ಲ.

ತಲೆನೋವು ಇರುವುದು ಐದು ಗೆಲುವಿನಲ್ಲಿ. 60 ಅಂಕವನ್ನು ಆರು ತಂಡಕ್ಕೆ ಹಂಚಿದರೆ ಸರಾಸರಿ ಹತ್ತು. ಐದು ಗೆದ್ದವರು ಸರಿಯಾಗಿ ಆ ಗೆರೆ ಮೇಲೆ ನಿಂತಿರುತ್ತಾರೆ. ಪಕ್ಕದಲ್ಲೇ ಇನ್ನೊಬ್ಬರೋ ಇಬ್ಬರೋ ಅದೇ ಹತ್ತು ಹಿಡಿದು ನಿಂತಿದ್ದರೆ ಮುಗೀತು, ನೆಟ್ ರನ್ ರೇಟ್ ಬರುತ್ತದೆ.

ಈ ನೆಟ್ ರನ್ ರೇಟ್ ಅಂದ್ರೆ ನಮ್ಮ ಜನ ಕೊನೇ ವಾರ ಮಾತ್ರ ನೆನಪಿಸಿಕೊಳ್ಳುತ್ತಾರೆ. ನನ್ನ ಪ್ರಕಾರ ಮೊದಲ ಪಂದ್ಯದಿಂದಲೇ ಅದನ್ನು ನೋಡಬೇಕು. ಓವರಿಗೆ ನಾವು ಎಷ್ಟು ಹೊಡೆದೆವು, ಎಷ್ಟು ಕೊಟ್ಟೆವು, ಆ ಎರಡರ ವ್ಯತ್ಯಾಸ, ಅಷ್ಟೇ. ಎದುರಾಳಿ 20 ಓವರಿನಲ್ಲಿ 150 ಮಾಡಿದರು ಅಂದುಕೊಳ್ಳಿ, ಓವರಿಗೆ ಏಳೂವರೆ. ನಾವು 19 ಓವರಿನಲ್ಲಿ 151 ಹೊಡೆದು ಗೆದ್ದರೆ ನಮ್ಮದು 7.95. ಸಿಕ್ಕ ಲಾಭ 0.45. ಅದನ್ನೇ 15 ಓವರಿನಲ್ಲಿ ಮುಗಿಸಿದರೆ 10.07, ಲಾಭ 2.57. ಎರಡಕ್ಕೂ ಅಂಕ ಎರಡೇ. ಆದರೆ ಎರಡನೇ ಗೆಲುವು ತಿಂಗಳ ಕೊನೆಗೆ ಕೈ ಹಿಡಿಯುತ್ತದೆ. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. 14 ಓವರಿಗೆ ಆಲೌಟ್ ಆದರೂ ಲೆಕ್ಕಕ್ಕೆ ಹಿಡಿಯುವುದು ಪೂರ್ತಿ 20 ಓವರು. ಅದಕ್ಕೇ ಸೋಲುವ ಮ್ಯಾಚಿನಲ್ಲೂ ಕೊನೇ ಬ್ಯಾಟ್ಸ್‌ಮನ್ ಸುಮ್ನೆ ಬ್ಯಾಟ್ ಬೀಸಿ ಔಟಾದಾಗ ನಾನು ಟೀವಿ ಮುಂದೆ ಕಿರುಚಾಡುವುದು. ಮನೆಯವರಿಗೆ ಅರ್ಥ ಆಗಲ್ಲ. "ಹೆಂಗೂ ಸೋತಾಯ್ತಲ್ಲ, ಇನ್ನೇನು?" ಅಂತಾರೆ.

ಆರ್‌ಸಿಬಿ ಅಭಿಮಾನಿಗಳಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಿಲ್ಲ. ಕ್ಯಾಲ್ಕುಲೇಟರ್ ಹಿಡಿದೇ ಬೆಳೆದವರು ನಾವು. 2024ರ ಮೇ 18 ನೆನಪಿದೆ ಅಲ್ವಾ? ಮೊದಲ ಎಂಟು ಪಂದ್ಯದಲ್ಲಿ ಏಳು ಸೋತು, ಆಮೇಲೆ ಸಾಲಾಗಿ ಗೆಲ್ಲುತ್ತಾ ಬಂದ ತಂಡ ಚಿನ್ನಸ್ವಾಮಿಯಲ್ಲಿ ಚೆನ್ನೈ ಎದುರು ನಿಂತಿತ್ತು. ಬರೀ ಗೆದ್ದರೆ ಸಾಲದು, ನೆಟ್ ರನ್ ರೇಟ್‌ನಲ್ಲಿ ಚೆನ್ನೈಯನ್ನು ದಾಟಲು 18 ರನ್‌ನಿಂದ ಗೆಲ್ಲಬೇಕು. ಆರ್‌ಸಿಬಿ 218 ಮಾಡಿತು. ಅಂದ್ರೆ ಚೆನ್ನೈ 201 ಮುಟ್ಟಿದರೆ ಸೋತರೂ ಅವರೇ ಒಳಗೆ. ಕೊನೇ ಓವರ್ ಶುರುವಾದಾಗ ಚೆನ್ನೈಗೆ ಗೆಲ್ಲಲು 35 ಬೇಕು. ಪಂದ್ಯ ಹೆಚ್ಚುಕಡಿಮೆ ನಮ್ಮದೇ. ಪ್ಲೇಆಫ್‌ಗೆ ಮಾತ್ರ ಅವರಿಗೆ 17 ಸಾಕು. ಯಶ್ ದಯಾಳ್ ಹಾಕಿದ ಮೊದಲ ಬಾಲ್ ಧೋನಿ ಸಿಕ್ಸ್. ಎರಡನೇ ಬಾಲ್ ಧೋನಿ ಔಟ್. ಆಮೇಲೆ ನಾಲ್ಕು ಬಾಲಿಗೆ ಒಂದೇ ರನ್. 27 ರನ್ ಗೆಲುವು. ಗೆದ್ದ ಮ್ಯಾಚನ್ನು ಅಷ್ಟು ಹೆದರಿಕೊಂಡು ನೋಡಿದ್ದು ಬೇರೆ ಯಾವತ್ತೂ ಇಲ್ಲ. ಆ ವರ್ಷ ಆರ್‌ಸಿಬಿ, ಚೆನ್ನೈ, ಡೆಲ್ಲಿ, ಲಖನೌ ನಾಲ್ಕು ತಂಡಕ್ಕೂ 14 ಅಂಕ. ಒಳಗೆ ಹೋದದ್ದು ಒಂದೇ.

ಐಪಿಎಲ್‌ನಲ್ಲಿ ಹತ್ತರಲ್ಲಿ ನಾಲ್ಕು ಒಳಗೆ, ನಮ್ಮಲ್ಲಿ ಆರರಲ್ಲಿ ನಾಲ್ಕು. ಹಾಗಾಗಿ ಮೈಸೂರು ಪ್ಲೇಆಫ್‌ಗೆ ಹೋಯಿತು ಅಂತ ಯಾರಾದರೂ ಪಟಾಕಿ ಹಚ್ಚಿದರೆ ನನಗೆ ಸ್ವಲ್ಪ ನಗು ಬರುತ್ತದೆ. ಹೋಗದೇ ಇದ್ದರೆ ಸುದ್ದಿ. 2023ರಲ್ಲಿ ಫೈನಲ್‌ವರೆಗೂ ಹೋಗಿ ಹುಬ್ಬಳ್ಳಿ ಕೈಲಿ ಎಂಟು ರನ್‌ನಿಂದ ಸೋತರಲ್ಲ, ಸಂಕಟ ಅಂದ್ರೆ ಅದು. 203 ಬೆನ್ನಟ್ಟಿ 195ಕ್ಕೆ ನಿಂತಿದ್ದು. ಮರುವರ್ಷ ಸೆಪ್ಟೆಂಬರ್ 1ರ ಫೈನಲ್‌ನಲ್ಲಿ ಬಡ್ಡಿ ಸಮೇತ ತೀರಿಸಿದರು. ಎಸ್.ಯು. ಕಾರ್ತಿಕ್ 71, ಕರುಣ್ ನಾಯರ್ 66, ಕೊನೆಗೆ ಮನೋಜ್ ಭಾಂಡಗೆ 13 ಬಾಲಿಗೆ 44. ಒಟ್ಟು 207. ಬೆಂಗಳೂರನ್ನು ಬೆಂಗಳೂರಿನಲ್ಲೇ 45 ರನ್‌ನಿಂದ ಸೋಲಿಸಿದ್ದು! ಆ 45ನ್ನು ನಾನು ಇವತ್ತಿಗೂ ಬೆಂಗಳೂರಿನ ನೆಂಟರ ಮುಂದೆ ಸಮಯ ನೋಡಿ ತೆಗೆಯುತ್ತೇನೆ. ಅದಕ್ಕೂ ಹಿಂದೆ 2014ರಲ್ಲಿ ಕೆಪಿಎಲ್ (ಕರ್ನಾಟಕ ಪ್ರೀಮಿಯರ್ ಲೀಗ್) ಕಪ್ಪೂ ಇದೇ ವಾರಿಯರ್ಸ್‌ಗೆ ಬಂದಿತ್ತು.

ಇಲ್ಲೊಂದು ಉಪಪ್ರಶ್ನೆ ಬರುತ್ತದೆ. "ತಂಡದಲ್ಲಿ ಮೈಸೂರಿನವರು ಎಷ್ಟು ಜನ ಇದ್ದಾರೆ, ನೀವು ಇಷ್ಟೊಂದು ಹಾರಾಡೋಕೆ?" ನ್ಯಾಯವಾದ ಮಾತೇ. ಜೆ. ಸುಚಿತ್ ನಮ್ಮೂರ ಹುಡುಗ. ಜಾವಗಲ್ ಶ್ರೀನಾಥ್ ಕಾಲದಿಂದ ಈ ಊರು ಬೌಲರ್‌ಗಳನ್ನು ಕೊಡುತ್ತಲೇ ಬಂದಿದೆ. ಆದರೆ ತಂಡ ಕಟ್ಟುವುದು ಹರಾಜಿನಲ್ಲಿ. ಹೋದ ವರ್ಷ ನಮಗೆ ಬೈಗುಳ ತಿನ್ನಿಸಿದವನು ಈ ವರ್ಷ ನಮ್ಮ ಕ್ಯಾಪ್ಟನ್ ಆಗಬಹುದು. 2023ರ ಫೈನಲ್‌ನಲ್ಲಿ ಹುಬ್ಬಳ್ಳಿ ನಾಯಕನಾಗಿ ನಮ್ಮ ಕಪ್ ಕಿತ್ತುಕೊಂಡ ಮನೀಶ್ ಪಾಂಡೆಯನ್ನೇ 2025ರಲ್ಲಿ 12.20 ಲಕ್ಷ ಕೊಟ್ಟು ಮೈಸೂರಿಗೆ ತಂದರು.

ಆದರೂ ಕರುಣ್ ನಾಯರ್ ವಿಷಯದಲ್ಲಿ ನನಗೆ ಪಕ್ಷಪಾತ ಇದೆ, ಒಪ್ಪುತ್ತೇನೆ. ಟೆಸ್ಟ್‌ನಲ್ಲಿ ಮುನ್ನೂರು ಹೊಡೆದ ಮನುಷ್ಯನಿಗೆ ರಾಜ್ಯ ತಂಡದಲ್ಲೇ ಜಾಗ ಇಲ್ಲದೆ ವಿದರ್ಭಕ್ಕೆ ಹೋಗಿ ರಣಜಿ ಆಡಬೇಕಾಯಿತು. ಆ ದಿನಗಳಲ್ಲೂ ಆಗಸ್ಟ್‌ಗೆ ಇಲ್ಲಿಗೆ ಬಂದು ಮೈಸೂರಿನ ಕ್ಯಾಪ್ಟನ್ ಆಗಿ ಆಡಿದ. 2024ರಲ್ಲಿ ಮಂಗಳೂರಿನ ಎದುರು 48 ಬಾಲಿಗೆ ಔಟಾಗದೆ 124, ಇಡೀ ಟೂರ್ನಿಯಲ್ಲಿ 560 ರನ್. 2025ರಲ್ಲಿ ಮತ್ತೆ ಭಾರತದ ಟೆಸ್ಟ್ ತಂಡಕ್ಕೆ ಹೋದ. ಅವನು ಹುಟ್ಟಿದ್ದು ಜೋಧ್‌ಪುರ, ಬೆಳೆದದ್ದು ಬೆಂಗಳೂರು. ಇರಲಿ ಬಿಡಿ. ಕಪ್ ಮೈಸೂರಿಗೆ ತಂದವನ ಆಧಾರ್ ಕಾರ್ಡ್ ಯಾರು ಕೇಳ್ತಾರೆ?

ಮಳೆ ವಿಷಯ ಒಂದು ಮಾತಿನಲ್ಲಿ ಮುಗಿಸುತ್ತೇನೆ. ಆಗಸ್ಟ್ ಅಂದ್ರೆ ನಮ್ಮ ಕಡೆ ಯಾವಾಗ ಜಡಿ ಹಿಡಿಯುತ್ತದೋ ಹೇಳಕ್ಕಾಗಲ್ಲ. ಓವರ್ ಕಡಿತವಾದರೆ ಗುರಿಯನ್ನು ಹೊಸದಾಗಿ ಗೊತ್ತು ಮಾಡಲು ಕೇರಳದ ಎಂಜಿನಿಯರ್ ವಿ. ಜಯದೇವನ್ ರೂಪಿಸಿದ ವಿಜೆಡಿ ಲೆಕ್ಕ ಬರುತ್ತದೆ. 2025ರ ಫೈನಲ್‌ನಲ್ಲಿ ಮಂಗಳೂರು ಹುಬ್ಬಳ್ಳಿಯನ್ನು ಸೋಲಿಸಿದ್ದು ಆ ಲೆಕ್ಕದಲ್ಲೇ. ಅದಕ್ಕೆ ನನ್ನ ಹತ್ತಿರ ಸೂತ್ರ ಇಲ್ಲ.

ಮಂಡ್ಯಕ್ಕೆ ಬೇರೆ ತಂಡ ಇಲ್ಲ, ಹಾಗಾಗಿ ಅಲ್ಲಿನವರೂ ನಮ್ಮ ಪಾಲಿಗೇ. ನನ್ನ ಜೊತೆ ಕೆಲಸ ಮಾಡುವ ಮಂಡ್ಯದ ಹುಡುಗನೊಬ್ಬ ಇದ್ದಾನೆ. ದಿನಾ ರೈಲಿನಲ್ಲಿ ಬಂದು ಹೋಗುತ್ತಾನೆ. ಅವನಿಗೆ ಕ್ರಿಕೆಟ್‌ಗಿಂತ ಕಬಡ್ಡಿ ಹೆಚ್ಚು. "ಬುಲ್ಸ್ ಕತೆ ಯೋಳಣ್ಣ, ಓಯ್ತದಾ ಇಲ್ವಾ?" ಅಂತ ಕೇಳುತ್ತಲೇ ಇರುತ್ತಾನೆ. ಪ್ರೊ ಕಬಡ್ಡಿ ಲೀಗ್‌ನ ಬೆಂಗಳೂರು ಬುಲ್ಸ್ 2019ರ ಜನವರಿಯಲ್ಲಿ ಪವನ್ ಸೆಹ್ರಾವತ್ ಫೈನಲ್ ಒಂದರಲ್ಲೇ 22 ಅಂಕ ತಂದಾಗ ಕಪ್ ಗೆದ್ದಿತ್ತು. 2024ರ ಸೀಸನ್‌ನಲ್ಲಿ ಅದೇ ಬುಲ್ಸ್ 22 ಪಂದ್ಯದಲ್ಲಿ ಎರಡೇ ಗೆದ್ದು 12 ತಂಡದಲ್ಲಿ ಕೊನೆಯದಾಯಿತು. ಕಬಡ್ಡಿ ಲೆಕ್ಕ ನನ್ನ ಕೈಗೆ ಹತ್ತುವುದಿಲ್ಲ, ಅವನನ್ನೇ ಕೇಳಿ.

ಈಗ ನನ್ನ ನಿಜವಾದ ದೂರು. 2023, 2024 ಎರಡೂ ವರ್ಷ ಟೂರ್ನಿ ಪೂರ್ತಿ ಬೆಂಗಳೂರಿನಲ್ಲೇ ನಡೆಯಿತು. ನಮ್ಮ ತಂಡಕ್ಕೆ ತವರು ಗ್ರೌಂಡ್ ಅನ್ನೋದು ಹೆಸರಿಗೆ ಮಾತ್ರ. 2025ರ ಜೂನ್‌ನಲ್ಲಿ ಚಿನ್ನಸ್ವಾಮಿ ಹೊರಗೆ ಆ ಕಾಲ್ತುಳಿತ ಆದ ಮೇಲೆ ಇಡೀ ಟೂರ್ನಿ ಮೈಸೂರಿಗೆ ಬಂತು. ನಮ್ಮ ಗಂಗೋತ್ರಿ ಗ್ಲೇಡ್ಸ್‌ಗೆ, ಅಂದ್ರೆ ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ ಗ್ರೌಂಡಿಗೆ. ಟ್ರೋಫಿಯೂ ಅವರ ನೆನಪಿನದೇ, ಗ್ರೌಂಡೂ ಅವರ ಹೆಸರಿನದೇ. ಲೀಗ್ ಪಂದ್ಯದಿಂದ ಫೈನಲ್‌ವರೆಗೆ ಎಲ್ಲ ಇಲ್ಲೇ. ಆದರೆ ಪ್ರೇಕ್ಷಕರಿಗೆ ಪ್ರವೇಶ ಇರಲಿಲ್ಲ. ಹನ್ನೊಂದು ಜನ ಸತ್ತ ಮೇಲೆ ಆ ಎಚ್ಚರಿಕೆ ತಪ್ಪು ಅಂತ ಹೇಳುವ ಬಾಯಿ ನನಗಿಲ್ಲ. ಆದರೂ ಊರೊಳಗೆ ಆಡುತ್ತಿರುವ ಊರಿನ ತಂಡವನ್ನು ಫೋನಿನಲ್ಲಿ ನೋಡುವುದು ಎಂಥ ಕರ್ಮ ಸ್ವಾಮಿ.

ಆದ್ದರಿಂದ ಈಗ ಯಾರಾದರೂ ಪ್ಲೇಆಫ್ ಬಗ್ಗೆ ಕೇಳಿದರೆ ಆರು ಗೆಲುವಿನ ಲೆಕ್ಕ ಹೇಳಿ ಮುಗಿಸುತ್ತೇನೆ. ಆಮೇಲೆ ನಾನೇ ತಿರುಗಿ ಕೇಳುವುದು ಒಂದೇ: ಪಂದ್ಯ ಎಲ್ಲಿ, ಟಿಕೆಟ್ ಕೊಡ್ತಾರಾ? ಮಂಡ್ಯದ ಹುಡುಗ ಆಗಲೇ ಹೇಳಿಟ್ಟಿದ್ದಾನೆ, "ಗೇಟ್ ತಗುದ್ರೆ ಒಂದ್ ಫೋನ್ ಮಾಡಣ್ಣ, ಸಂಜೆ ರೈಲ್ ಬುಟ್ಟು ಇಲ್ಲೇ ಉಳ್ಕತೀನಿ."