ಸಂಚಾಲಕರು ಕೇಳಿದ ಒಂದು ಪುಟ

ಕಳೆದ ತಿಂಗಳು ನಮ್ಮ ಶಾಲೆಯ ಸಂಚಾಲಕರು ಕರೆದು, "ಟೀಚರ್, ನಮ್ಮ ಶಾಲೆಯ ಗುರಿ ಏನು ಅಂತ ಕನ್ನಡದಲ್ಲಿ ಒಂದು ಪುಟ ಬರೆದುಕೊಡಿ. ಪ್ರಾಸ್ಪೆಕ್ಟಸ್‌ಗೆ ಬೇಕು" ಎಂದರು. ನಾನು ಇಲ್ಲಿ ಕನ್ನಡ ಕಲಿಸಲು ಸೇರಿ 23 ವರ್ಷವಾಯಿತು. ಆದರೂ ಬರೆಯಲು ಕೂತಾಗ ಮೊದಲು ಬಂದದ್ದು "ಸರ್ವಾಂಗೀಣ ಅಭಿವೃದ್ಧಿ". ಅದನ್ನು ಹೊಡೆದುಹಾಕಿದೆ. ನಮ್ಮ ಶಾಲೆ ಯಾಕೆ ಹುಟ್ಟಿತು ಅನ್ನುವುದು ಆ ಮಾತಿನಲ್ಲಿ ಇಲ್ಲ.

ನಮ್ಮದು ಮಂಗಳೂರಿನ ಹತ್ತಿರದ ಒಂದು ಅನುದಾನಿತ ಕನ್ನಡ ಮಾಧ್ಯಮ ಶಾಲೆ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಿಂದ ಬಂದ ಕ್ರೈಸ್ತ ಮಿಶನರಿಗಳ ಸಂಸ್ಥೆ ಬಾಸೆಲ್ ಮಿಶನ್, ಅದರ ಪರಂಪರೆಯದ್ದು. ನಾನು ಕ್ರೈಸ್ತಳಲ್ಲ. ನನ್ನ ತರಗತಿಯ ಮಕ್ಕಳಲ್ಲಿ ಹೆಚ್ಚಿನವರೂ ಅಲ್ಲ. ಅವರ ಮನೆಗಳಲ್ಲಿ ತುಳು, ಬ್ಯಾರಿ, ಕೊಂಕಣಿ. ಈಗ ಕೆಲಸ ಹುಡುಕಿಕೊಂಡು ಬಾಗಲಕೋಟೆ, ಕೊಪ್ಪಳದ ಕಡೆಯಿಂದ ಬಂದವರ ಮಕ್ಕಳೂ ಇದ್ದಾರೆ.

ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಧರ್ಮ ಪ್ರಚಾರಕ್ಕೆಂದೇ ಬಂದರು. ಮತಾಂತರ ಅವರ ಗುರಿಯಾಗಿತ್ತು, ಅದನ್ನು ಮುಚ್ಚಿಟ್ಟು ಬರೆದರೆ ಸುಳ್ಳಾಗುತ್ತದೆ. ಆದರೆ ಅವರ ನಂಬಿಕೆಯೊಳಗೇ ಇನ್ನೊಂದು ಮಾತಿತ್ತು. ದೇವರ ಮಾತನ್ನು ಪ್ರತಿಯೊಬ್ಬರೂ ತಮ್ಮ ಭಾಷೆಯಲ್ಲಿ, ತಾವೇ ಓದಿ ತಿಳಿಯಬೇಕು. ಪಾದ್ರಿ ಓದಿ ಹೇಳಿದರೆ ಸಾಲದು. ಹಾಗಾಗಿ ಕೂಲಿಯವರ ಮಗುವಿಗೂ ಅಕ್ಷರ ಬೇಕಾಯಿತು. ಹೆಣ್ಣುಮಗುವಿಗೂ ಬೇಕಾಯಿತು. ಅದಕ್ಕೆ ಪುಸ್ತಕ ಬೇಕು, ಪುಸ್ತಕಕ್ಕೆ ಅಚ್ಚುಕೂಟ ಬೇಕು, ಅದಕ್ಕೂ ಮೊದಲು ಇಲ್ಲಿನ ಭಾಷೆಯನ್ನು ಅವರೇ ಕಲಿಯಬೇಕು. ಹರ್ಮನ್ ಮೋಗ್ಲಿಂಗ್ 1843ರಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದರು, ಕನ್ನಡದ ಮೊದಲ ಪತ್ರಿಕೆ. ಅದೇ ಮಿಶನ್ನಿನ ಫರ್ಡಿನಾಂಡ್ ಕಿಟೆಲ್ 1853ರಲ್ಲಿ ಬಂದರು. ಅವರ ಕನ್ನಡ–ಇಂಗ್ಲಿಷ್ ನಿಘಂಟು ಅಚ್ಚಾದದ್ದು 1894ರಲ್ಲಿ. ನಡುವೆ ನಲವತ್ತು ವರ್ಷ! ತುಳುವಿಗೂ 1886ರಲ್ಲಿ ಮ್ಯಾನರ್ ನಿಘಂಟು ಮಾಡಿಕೊಟ್ಟರು.

ಈ ತುಳು ನಿಘಂಟು ನೆನಪಾದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ. ಯಾಕೆಂದರೆ ನಾನು ಕಲಿತ ಶಾಲೆಯಲ್ಲಿ, ಅದು ಬೇರೆ ಶಾಲೆ, ತುಳು ಮಾತಾಡಿದರೆ ಇಪ್ಪತ್ತೈದು ಪೈಸೆ ದಂಡ. ಐದನೇ ಕ್ಲಾಸಿನಲ್ಲಿ ಒಂದು ವಾರ ನಾನು ಬಾಯಿಯೇ ತೆರೆಯಲಿಲ್ಲ. ಅಮ್ಮ ಬೀಡಿ ಕಟ್ಟಿ ತಂದ ದುಡ್ಡು ಅದು, ಹೇಗೆ ಕೊಡಲಿ? ಆದ್ದರಿಂದ ನನ್ನ ತರಗತಿಯಲ್ಲಿ ಮಕ್ಕಳು ಅರ್ಥವನ್ನು ಮೊದಲು ಮನೆ ಮಾತಿನಲ್ಲೇ ಹೇಳಬಹುದು. ಪಾಠದ ಒಂದು ಪುಟ ಅವರೇ ಓದಬೇಕು, ಆಮೇಲೆ ಪುಸ್ತಕ ಮುಚ್ಚಿ ಏನಿತ್ತು ಅಂತ ಹೇಳಬೇಕು. "ಗೊತ್ತುಜ್ಜಿ ಟೀಚರ್" ಅಂತ, ಅಂದರೆ ಗೊತ್ತಿಲ್ಲ ಅಂತ, ತುಳುವಿನಲ್ಲಿ ಅಂದರೂ ಸರಿ, ಎಲ್ಲಿಂದ ಗೊತ್ತಾಗಲಿಲ್ಲ ಅಂತ ಬೆರಳಿಟ್ಟು ತೋರಿಸಬೇಕು. ಎಂಟನೇ ಕ್ಲಾಸಿಗೆ ಬರುವ ಎಷ್ಟೋ ಮಕ್ಕಳು ಪಟಪಟ ಓದುತ್ತಾರೆ, ಅರ್ಥ ಮಾತ್ರ ಇಲ್ಲ. ಪ್ರಶ್ನೋತ್ತರ ಬಾಯಿಪಾಠ ಮಾಡಿ ಪಾಸೂ ಆಗುತ್ತಾರೆ. ಇದಕ್ಕಿಂತ ದೊಡ್ಡ ಚಿಂತೆ ನನಗೆ ಬೇರೆ ಇಲ್ಲ.

ಕೈಕೆಲಸದ ಬಗ್ಗೆಯೂ ಎರಡು ಸಾಲು ಬರೆದೆ. ಆಗ ಮತ ಬದಲಿಸಿದವರಿಗೆ ಊರಿನಲ್ಲಿ ದುಡಿಮೆ ಸಿಗುತ್ತಿರಲಿಲ್ಲ. ಮಿಶನ್ ನೇಯ್ಗೆ ಶುರು ಮಾಡಿತು, 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ಓದಿದವರೂ ಕೈ ಕೆಸರು ಮಾಡಿಕೊಳ್ಳಬೇಕು ಅನ್ನುವುದು ಅಲ್ಲಿಂದ ಬಂತು. ನಮ್ಮಲ್ಲಿ ಈಗ ಉಳಿದಿರುವುದು ಒಂದು ಬಸಳೆ ಚಪ್ಪರ, ಮತ್ತೆ ಹರಿದ ಪುಸ್ತಕಗಳಿಗೆ ಮಕ್ಕಳೇ ಬೈಂಡ್ ಹಾಕುವ ಶನಿವಾರ. ಅದಾದರೂ ಇರಲಿ.

ಇನ್ನು ಪ್ರಾರ್ಥನೆ. ಸೇರಿಸಲು ಬರುವ ಅಪ್ಪ ಅಮ್ಮ ಮೆಲ್ಲಗೆ ಕೇಳುವುದು ಇದನ್ನೇ: ಪ್ರಾರ್ಥನೆಗೆ, ಬೈಬಲ್ ಪಾಠಕ್ಕೆ ನಮ್ಮ ಮಗುವೂ ಕೂರಲೇಬೇಕಾ ಅಂತ. ಸಂವಿಧಾನದ 28ನೇ ವಿಧಿ ಇದಕ್ಕೆ ಸ್ಪಷ್ಟ ಉತ್ತರ ಕೊಟ್ಟಿದೆ. ಸರಕಾರದ ಮಾನ್ಯತೆ ಅಥವಾ ಅನುದಾನ ಇರುವ ಶಾಲೆಯಲ್ಲಿ ಪೋಷಕರ ಒಪ್ಪಿಗೆ ಇಲ್ಲದೆ ಮಗುವನ್ನು ಧಾರ್ಮಿಕ ಬೋಧನೆಗೆ ಕೂರಿಸುವಂತಿಲ್ಲ. ನಮ್ಮಲ್ಲಿ ಬೈಬಲ್ ಪಾಠ ಕ್ರೈಸ್ತ ಮಕ್ಕಳಿಗೆ ಮಾತ್ರ. ಉಳಿದವರಿಗೆ ಅದೇ ಹೊತ್ತಿಗೆ ನೀತಿ ಪಾಠ, ಅದನ್ನು ತೆಗೆದುಕೊಳ್ಳುವುದು ನಾನು. ನಮ್ಮ ಹಳೆಯ ಹೆಡ್‌ಮಿಸ್ ಒಬ್ಬರು ಪ್ರತಿದಿನ ಹತ್ತು ನಿಮಿಷ ಮೊದಲೇ ಬಂದು ಗೇಟಿನ ಹತ್ತಿರ ನಿಲ್ಲುತ್ತಿದ್ದರು. ತಿಂಡಿ ತಿನ್ನದೆ ಬಂದ ಮಗು ಅವರಿಗೆ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಅವಲಕ್ಕಿಯ ಡಬ್ಬ ಅವರ ಕಪಾಟಿನಲ್ಲಿ ಯಾವಾಗಲೂ ಇರುತ್ತಿತ್ತು. ಅವರ ಧರ್ಮ ಏನು ಹೇಳುತ್ತದೆ ಅಂತ ನಾನು ತಿಳಿದದ್ದು ಆ ಡಬ್ಬದಿಂದ.

ಇಷ್ಟೆಲ್ಲ ಬರೆದರೂ ಪುಟ ಎಲ್ಲಿಂದ ಶುರು ಮಾಡುವುದು ಅಂತ ತಿಳಿಯಲಿಲ್ಲ. ಅಷ್ಟರಲ್ಲಿ ಮೊನ್ನೆ ಮಂಗಳವಾರ ಸಂಜೆ ಎಂಟನೇ ಕ್ಲಾಸಿನ ಒಬ್ಬಳು ತನ್ನ ಅಜ್ಜಿಯನ್ನು ಕರೆದುಕೊಂಡು ಸ್ಟಾಫ್ ರೂಮಿನ ಬಾಗಿಲಿಗೆ ಬಂದಳು. ಅಜ್ಜಿ ಬೀಡಿ ಕಟ್ಟುವವರು. ಕೈಯಲ್ಲಿ ಪಿಎಫ್‌ನ ಒಂದು ಕಾಗದ. ಹುಡುಗಿ ಪೂರ್ತಿ ಓದಿದ್ದಳು, ಎಲ್ಲ ತುಳುವಿನಲ್ಲಿ ಅಜ್ಜಿಗೆ ಹೇಳಿಯೂ ಆಗಿತ್ತು. ಒಂದು ಪದದ ಕೆಳಗೆ ಪೆನ್ಸಿಲ್ ಗೆರೆ.

"ಟೀಚರ್, ನಾಮನಿರ್ದೇಶಿತ ಅಂದ್ರೆ ಎಂತ?"

ಅಜ್ಜಿಯ ನಂತರ ಆ ದುಡ್ಡು ಯಾರಿಗೆ ಸೇರಬೇಕೋ ಅವರ ಹೆಸರು ಅಂದೆ. ಅವಳು ಅಜ್ಜಿಯ ಕಡೆ ತಿರುಗಿ ತುಳುವಿನಲ್ಲಿ ಹೇಳಿದಳು. ಅಜ್ಜಿ ಅವಳನ್ನೇ ನೋಡಿದರು, ಆಮೇಲೆ ಕಾಗದ ಮಡಚಿ ಸೆರಗಿನಲ್ಲಿ ಕಟ್ಟಿಕೊಂಡರು. ಅವರು ಹೋದ ಮೇಲೆ ನಾನು ಬರೆದ ಪುಟ ತೆಗೆದು, ಮೇಲೆ ಬಿಟ್ಟಿದ್ದ ಜಾಗದಲ್ಲಿ ಹೀಗೆ ಸೇರಿಸಿದೆ: "ನಮ್ಮ ಮಕ್ಕಳು ಮನೆಗೆ ಬಂದ ಕಾಗದವನ್ನು ತಾವೇ ಓದಿ, ಮನೆಯವರಿಗೆ ಅರ್ಥವಾಗುವ ಹಾಗೆ ಹೇಳಬೇಕು." ಸಂಚಾಲಕರಿಗೆ ನಾಳೆ ಕೊಡುತ್ತೇನೆ.