ಗೋಡೆ ಮುಚ್ಚುವ ಮೊದಲು

ಬೆಳಿಗ್ಗೆ ಆರಕ್ಕೆ ಎದ್ದವಳು ಮುಖವನ್ನೂ ತೊಳೆಯದೆ ಬಚ್ಚಲಿನ ಬಾಗಿಲಲ್ಲಿ ಟಾರ್ಚ್ ಹಿಡಿದು ಕೂತೆ. ಎರಡು ದಿನದ ಹಿಂದೆ ನೆಲದ ತುಂಬ ನೀರು ಕಟ್ಟಿದ್ದೆವು. ನೀರು ಹೊರಗೆ ಹೋಗುವ ಜಾಲರಿಯ ಬಾಯಿಗೆ ಬಟ್ಟೆ ತುರುಕಿ, ಬಾಗಿಲಿಗೆ ಅಡ್ಡಲಾಗಿ ಗಾರೆಯ ಸಣ್ಣ ಕಟ್ಟೆ ಕಟ್ಟಿ, ನೀರು ಎಲ್ಲಿಯವರೆಗೆ ಇದೆ ಎಂದು ಗೋಡೆಯ ಮೇಲೆ ಪೆನ್ಸಿಲ್ ಗೆರೆ ಎಳೆದಿದ್ದೆ. ವಾಟರ್‌ಪ್ರೂಫಿಂಗ್ ಬಳಿದು ಒಣಗಿದ ಮೇಲೆ 24ರಿಂದ 48 ಗಂಟೆ ಹೀಗೆ ನೀರು ನಿಲ್ಲಿಸಿ ನೋಡಬೇಕು. ಟೈಲ್ಸ್ ಕೂರಿಸಿದ ಮೇಲೆ ಸೋರಿಕೆ ಗೊತ್ತಾದರೆ ಎಲ್ಲವನ್ನೂ ಒಡೆಯಬೇಕಾಗುತ್ತದೆ.

ನೀರು ಗೆರೆಗಿಂತ ಸ್ವಲ್ಪ ಕೆಳಗೆ ಹೋಗಿತ್ತು. ಎದೆ ಧಸಕ್ಕೆಂದಿತು. ಆವಿಯಾಗಿದ್ದಾ, ಸೋರಿದ್ದಾ? ಅದಕ್ಕೇ ಅಂತ ಅದೇ ಕೋಣೆಯಲ್ಲಿ ಒಂದು ಬಕೆಟ್‌ನಲ್ಲೂ ನೀರಿಟ್ಟು ಗೆರೆ ಹಾಕಿದ್ದೆ. ಬಕೆಟ್‌ನಲ್ಲೂ ಅಷ್ಟೇ ಇಳಿದಿತ್ತು. ಆದರೂ ಸಮಾಧಾನವಾಗಲಿಲ್ಲ. ಕೆಳಗಿನ ಕೋಣೆಗೆ ಹೋಗಿ, ಸ್ಟೂಲ್ ಹತ್ತಿ, ಚಾವಣಿಗೆ ಅಂಗೈ ಒತ್ತಿ ಒತ್ತಿ ನೋಡಿದೆ. ಒಂದು ಮೂಲೆಯನ್ನೂ ಬಿಡಲಿಲ್ಲ. ಎಲ್ಲೂ ತೇವ ಇಲ್ಲ. ಆಮೇಲೇ ಮುಖ ತೊಳೆಯಲು ಹೋದೆ.

ಇಷ್ಟು ಆತಂಕ ಯಾಕೆ ಅಂದರೆ, ಹಳೇ ನೆಲದಲ್ಲಿ ನೀರು ನಿಲ್ಲುತ್ತಿತ್ತು. ಜಾಲರಿ ಒಂದು ಮೂಲೆಯಲ್ಲಿ, ನೀರು ಇನ್ನೊಂದು ಮೂಲೆಯಲ್ಲಿ. ಅಮ್ಮ ಜಾರಿ ಬಿದ್ದಿದ್ದು ಅಲ್ಲೇ. ಪುಣ್ಯಕ್ಕೆ ಮೂಳೆಗೆ ಏನೂ ಆಗಲಿಲ್ಲ. ಆದರೆ ಅವತ್ತಿನಿಂದ ಅವಳು ಸ್ನಾನಕ್ಕೆ ಹೋಗುವಾಗ ಗೋಡೆ ಸವರಿಕೊಂಡೇ ಹೋಗುತ್ತಿದ್ದಳು. ಆ ಕೈಯನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತಿತ್ತು. ಹೊಸದಾಗಿ ಮಾಡಿಸಲು ಹೊರಟಾಗ ಬಣ್ಣ, ಡಿಸೈನ್ ಯಾವುದೂ ನನಗೆ ಮುಖ್ಯವಾಗಿರಲಿಲ್ಲ. ನೀರು ನಿಲ್ಲಬಾರದು. ಅಮ್ಮನಿಗೆ ಹಿಡಿದುಕೊಳ್ಳಲು ಗೋಡೆಗೆ ಒಂದು ಗಟ್ಟಿ ಹಿಡಿಕೆ ಬೇಕು. ಇಷ್ಟೇ.

ಆದರೆ ಅವತ್ತು ತಿಂಗಳ ಕೊನೆ. ಮಧ್ಯಾಹ್ನ ಮೂರಕ್ಕೆ ಲೆಕ್ಕದ ವರದಿ ಕಳಿಸಬೇಕು, ಹನ್ನೊಂದಕ್ಕೆ ಆನ್‌ಲೈನ್ ಮೀಟಿಂಗ್. ಟೈಲ್ಸ್ ಎರಡು ಬಾಕ್ಸ್ ಕಡಿಮೆ ಬಿದ್ದಿದ್ದವು. ಅಮ್ಮನ ಮಾತ್ರೆ ಆ ರಾತ್ರಿಗೆ ಮುಗಿಯುತ್ತಿತ್ತು. ಮಾತ್ರೆ ತರುವುದನ್ನು ಅಕ್ಕನಿಗೆ ಹೇಳಿದೆ. ಮೊದಲೆಲ್ಲ ಹೀಗೆ ಕೇಳಲು ಹಿಂಜರಿಯುತ್ತಿದ್ದೆ. ಈ ಸಲ ಸುಮ್ನೆ ಫೋನ್ ಮಾಡಿ ಕೇಳಿಬಿಟ್ಟೆ. "ಇದಕ್ಯಾಕೆ ಇಷ್ಟು ಪೀಠಿಕೆ, ತರ್ತೀನಿ ಬಿಡು" ಅಂದಳು.

ಟೈಲ್ಸ್ ಅಂಗಡಿ ತೆರೆಯುವ ಹೊತ್ತಿಗೇ ಹೋಗಿ ನಿಂತೆ. ಮನೆಯಲ್ಲಿದ್ದ ಖಾಲಿ ಬಾಕ್ಸಿನ ಮೇಲಿದ್ದ ಲಾಟ್ ನಂಬರ್, ಶೇಡ್ ನಂಬರ್ ಎರಡನ್ನೂ ಫೋಟೋ ತೆಗೆದುಕೊಂಡಿದ್ದೆ. ಒಂದು ಟೈಲನ್ನೂ ಚೀಲದಲ್ಲಿ ಒಯ್ದಿದ್ದೆ. ಹುಡುಗ ತಂದಿಟ್ಟ ಬಾಕ್ಸ್ ಅದೇ ಹೆಸರಿನದು, ಅದೇ ಅಳತೆಯದು, ಆದರೆ ಲಾಟ್ ಬೇರೆ. ಎರಡನ್ನೂ ಹೊರಗೆ ಬಿಸಿಲಿಗೆ ತಂದು ಪಕ್ಕ ಪಕ್ಕ ಇಟ್ಟೆವು. ಒಳಗೆ ಲೈಟಿನಲ್ಲಿ ಒಂದೇ ಥರ ಕಂಡಿದ್ದವು, ಹೊರಗೆ ಒಂದು ಸ್ವಲ್ಪ ಹಳದಿ, ಇನ್ನೊಂದು ಬೂದು. ಟೈಲನ್ನು ಗೂಡಿನಲ್ಲಿ ಸುಡುತ್ತಾರಲ್ವಾ, ಒಂದೊಂದು ಸಲದ ಸುಡುವಿಕೆಗೂ ಬಣ್ಣ ಚೂರು ಆಚೀಚೆ ಆಗುತ್ತದೆ. ಹುಡುಗ ಬೇಸರ ಮಾಡಿಕೊಳ್ಳದೆ ಗೋಡೌನಿಗೆ ಹೋಗಿ ಹಳೇ ಲಾಟಿನ ಎರಡು ಬಾಕ್ಸ್ ಹುಡುಕಿ ತಂದ. ಅವನಿಗೆ ನಾನು ಹೇಳಿದ ಥ್ಯಾಂಕ್ಸ್ ಕಡಿಮೆಯೇ ಆಯಿತು. ಮೊದಲೇ ಹತ್ತು ಪರ್ಸೆಂಟ್ ಜಾಸ್ತಿ ತಂದಿದ್ದರೆ ಈ ಓಡಾಟವೇ ಇರುತ್ತಿರಲಿಲ್ಲ.

ಮನೆ ಸೇರಿದಾಗ ಹನ್ನೊಂದಕ್ಕೆ ಐದು ನಿಮಿಷ. ನೀರು ಹೊರಗೆ ಬಿಟ್ಟು ಕೆಲಸ ಶುರುವಾಗಿತ್ತು. ದೂರದ ಕೋಣೆ ಸೇರಿ ಬಾಗಿಲು ಹಾಕಿಕೊಂಡು ಮೀಟಿಂಗ್‌ಗೆ ಕೂತೆ. ಅರ್ಧ ಗಂಟೆ ಆಗಿರಬೇಕು, ಬಾಗಿಲು ಬಡಿದ ಸದ್ದು. ಪ್ಲಂಬರ್.

"ಮೇಡಂ, ಪೈಪ್ ಟೆಸ್ಟ್ ಆಯ್ತು, ಪ್ರೆಶರ್ ಇಳಿದಿಲ್ಲ. ಗೋಡೆ ಮುಚ್ಚಿಬಿಡ್ಲಾ?"

ಮೀಟಿಂಗ್‌ನಲ್ಲಿ ಮುಂದಿನ ಸರದಿ ನನ್ನದೇ ಇತ್ತು. "ಹೂಂ, ಮುಚ್ಚಿ" ಅಂದುಬಿಡುವುದು ಸುಲಭವಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಆದರೆ ಹಿಡಿಕೆಗೆ ತೂತು ಕೊರೆಯಬೇಕಾಗಿರುವುದು ಅದೇ ಗೋಡೆಗೆ. ಒಮ್ಮೆ ಮುಚ್ಚಿ ಟೈಲ್ಸ್ ಹಾಕಿದ ಮೇಲೆ ಪೈಪ್ ಎಲ್ಲಿದೆ ಎಂದು ಯಾರಿಗೂ ನೆನಪಿರುವುದಿಲ್ಲ. ಡ್ರಿಲ್ ಅದಕ್ಕೇ ತಾಗಿದರೆ ಗತಿಯೇನು? "ಹತ್ತು ನಿಮಿಷ ನಿಲ್ಲಿ ಅಣ್ಣ, ಬಂದೆ" ಅಂದೆ. ನನ್ನ ಸರದಿ ಮುಗಿಸಿ, ಸ್ವಲ್ಪ ಹೊತ್ತು ಹೊರಗಿರುತ್ತೇನೆಂದು ಹೇಳಿ ಎದ್ದೆ.

ಅಮ್ಮನನ್ನು ಕರೆದೆ. ಬಳಿದ ಪದರಕ್ಕೆ ಪೆಟ್ಟಾಗದಿರಲೆಂದು ನೆಲಕ್ಕೆ ಗೋಣಿಚೀಲ ಹಾಸಿದ್ದರು. ಅವಳು ಮೆಲ್ಲಗೆ ಕಾಲಿಟ್ಟಳು. "ಸ್ನಾನಕ್ಕೆ ಬಂದ ಹಾಗೇ ನಿಂತ್ಕೋಮ್ಮ. ಕೈ ಎಲ್ಲಿಗೆ ಹೋಗುತ್ತೋ ಅಲ್ಲಿಡು" ಅಂದೆ. ಒಂದು ಕ್ಷಣ ಯೋಚಿಸಿದಳು. ಆಮೇಲೆ ಕಣ್ಣು ಮುಚ್ಚಿಕೊಂಡಳು, ಮುಖಕ್ಕೆ ಸೋಪು ಹಚ್ಚಿದಾಗ ಹೇಗೋ ಹಾಗೆ. ಬಲಗೈ ತಾನಾಗಿ ಮೇಲೆದ್ದು ಗೋಡೆ ತಡವಿ ಒಂದು ಕಡೆ ನಿಂತಿತು. ಅಂಗೈಯ ಅಡಿಯಲ್ಲೇ, ತೆರೆದ ಸೀಳಿನಲ್ಲಿ, ಬಿಸಿನೀರಿನ ಪೈಪ್ ಇತ್ತು.

ಪ್ಲಂಬರ್ ಏನೂ ಮಾತಾಡಲಿಲ್ಲ. ಪೈಪನ್ನೇ ಒಂದು ಗೇಣು ಆಚೆಗೆ ಸರಿಸಿದರು. ಹೊಸದಾಗಿ ಗೋಡೆ ಸೀಳಬೇಕಾಯಿತು, ಮತ್ತೆ ಟೆಸ್ಟ್ ಮಾಡಬೇಕಾಯಿತು, ಒಂದೂವರೆ ಗಂಟೆ ಹಿಡಿಯಿತು. ಗೊಣಗಲಿಲ್ಲ. "ನಮ್ಮಮ್ಮನೂ ಹಿಂಗೇ ಗೋಡೆ ಹಿಡ್ಕೊಂಡು ಓಡಾಡ್ತಾರೆ" ಅಂದರು ಅಷ್ಟೇ. ಮುಚ್ಚುವ ಮೊದಲು ಅಳತೆಯ ಟೇಪನ್ನು ಮೂಲೆಯಿಂದ ಪೈಪಿನವರೆಗೆ ಹಿಡಿಸಿ ಒಂದು ಫೋಟೋ, ನೆಲದಿಂದ ಅಮ್ಮನ ಕೈಯವರೆಗೆ ಹಿಡಿಸಿ ಇನ್ನೊಂದು ಫೋಟೋ ತೆಗೆದುಕೊಂಡೆ.

ಅಷ್ಟರಲ್ಲಿ ಒಂದು ಮುಕ್ಕಾಲು. ಮೇಸ್ತ್ರಿ ನೆಲಕ್ಕೆ ಗಾರೆ ಹಾಸಲು ಶುರು ಮಾಡಿದ್ದರು. ನಾನು ಲ್ಯಾಪ್‌ಟಾಪ್ ಮುಂದೆ ಕೂತೆ. ಅಂಕಿಗಳು ಕಣ್ಣಿಗೆ ಬೀಳುತ್ತಿದ್ದವು, ತಲೆಗೆ ಹೋಗುತ್ತಿರಲಿಲ್ಲ. ಮೂರರೊಳಗೆ ಆಗುವುದಿಲ್ಲ ಎಂದು ಗೊತ್ತಾಯಿತು. ಮ್ಯಾನೇಜರ್‌ಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಆರಕ್ಕೆ ಕೊಡಿ, ನಡೆಯುತ್ತೆ ಅಂದರು. ಎರಡು ದಿನದಿಂದ ಈ ಒಂದು ಮಾತಿಗೆ ನಾನು ಅಷ್ಟು ಹೆದರಿದ್ದೆ.

ಎರಡೂವರೆಗೆ ಮತ್ತೆ ಬಚ್ಚಲಿಗೆ ಹೋದೆ. ಹಾಸಿದ ಗಾರೆ ನೋಡಲು ನುಣ್ಣಗೆ, ಚೆಂದವಾಗಿತ್ತು. ಮೇಸ್ತ್ರಿಗೆ ವಾಟ, ಅಂದರೆ ನೀರು ಹರಿದು ಹೋಗುವ ಇಳಿಜಾರು, ಅಳೆದು ತೋರಿಸಲು ಕೇಳಿದೆ. ರಸಮಟ್ಟ ಇಟ್ಟರು, ಅದರ ಗುಳ್ಳೆ ಹೆಚ್ಚುಕಡಿಮೆ ನಡುವಿನಲ್ಲೇ ನಿಂತಿತು, ಅಂದರೆ ನೆಲ ಬಹುತೇಕ ಸಮ. ಬಾಗಿಲಿನಿಂದ ಜಾಲರಿಗೆ ಎರಡು ಮೀಟರ್ ದೂರ. ಒಂದು ಮೀಟರಿಗೆ ಒಂದು ಸೆಂಟಿಮೀಟರ್ ಅಂದುಕೊಂಡರೂ ಎರಡು ಸೆಂಟಿಮೀಟರ್ ಇಳಿಯಬೇಕು. ಮಟ್ಟದ ದಾರ ಕಟ್ಟಿ ಎರಡೂ ಕಡೆ ಅಳೆದಾಗ ಸಿಕ್ಕಿದ್ದು ಅರ್ಧ ಸೆಂಟಿಮೀಟರ್.

"ಟೈಲ್ಸ್ ಹಾಕುವಾಗ ಅಡ್ಜಸ್ಟ್ ಮಾಡ್ತೀನಿ ಮೇಡಂ" ಅಂದರು. ನನಗೆ ಜಗಳ ಬೇಕಿರಲಿಲ್ಲ. ಬೆಳಿಗ್ಗೆಯಿಂದ ಬಗ್ಗಿ ಬಗ್ಗಿ ಅವರ ಸೊಂಟ ಸೋತಿತ್ತು, ಕಣ್ಣಾರೆ ನೋಡಿದ್ದೆ. ಆದರೂ ಹೇಳಿದೆ, "ಮೇಸ್ತ್ರಿ, ಅಮ್ಮ ಬಿದ್ದಿದ್ದು ನಿಂತ ನೀರಿನಿಂದಾನೇ. ಗಾರೆ ಇನ್ನೂ ಹಸಿ ಇದೆ. ಈಗಲೇ ಸರಿ ಮಾಡೋಣ." ಗಾರೆ ಬಿಗಿದುಕೊಂಡ ಮೇಲೆ ಅಲುಗಿಸುವ ಹಾಗಿಲ್ಲ. ಅದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಸ್ವಲ್ಪ ಹೊತ್ತು ಕರಣೆಯನ್ನು ಕೈಯಲ್ಲಿ ತಿರುಗಿಸುತ್ತ ನಿಂತರು. ಆಮೇಲೆ ಜಾಲರಿ ಕಡೆಯಿಂದ ಗಾರೆ ಕೆರೆದು ತೆಗೆಯತೊಡಗಿದರು. ನಾನು ದಾರದ ಇನ್ನೊಂದು ತುದಿ ಹಿಡಿದು ಕೂತೆ. ಮುಗಿಯುವ ಹೊತ್ತಿಗೆ ರಸಮಟ್ಟದ ಗುಳ್ಳೆ ಎಲ್ಲಿಟ್ಟರೂ ಬಾಗಿಲ ಕಡೆಗೇ ಓಡುತ್ತಿತ್ತು, ಅಂದರೆ ನೀರು ಜಾಲರಿ ಕಡೆಗೆ. ಮೇಸ್ತ್ರಿಯೇ ಇನ್ನೊಂದು ಸಲ ಅಳೆದು, "ಈಗ ನೋಡಿ" ಎಂದು ನನ್ನನ್ನು ಕರೆದರು.

ವರದಿ ಆರಕ್ಕೆ ಹತ್ತು ನಿಮಿಷ ಇರುವಾಗ ಹೋಯಿತು. ಅಕ್ಕ ಮಾತ್ರೆ ತಂದುಕೊಟ್ಟು ಹೋದಳು. ಹಸಿ ನೆಲಕ್ಕೆ ಯಾರೂ ಕಾಲಿಡದಿರಲೆಂದು ಬಾಗಿಲಿಗೆ ಅಡ್ಡ ಸ್ಟೂಲ್ ಇಟ್ಟೆ.

ರಾತ್ರಿ ಮಲಗುವ ಮೊದಲು ಆ ಎರಡು ಫೋಟೋ ತೆಗೆದು ನೋಡಿದೆ. ಒಂದರಲ್ಲಿ ಟೇಪು, ಪೈಪು, ಕೆಂಪು ಇಟ್ಟಿಗೆ. ಇನ್ನೊಂದರಲ್ಲಿ ಟೇಪಿನ ಮೇಲ್ತುದಿಗೆ ಅಮ್ಮನ ಬೆರಳುಗಳು. ಎರಡನ್ನೂ ಅಕ್ಕನಿಗೆ ಕಳಿಸಿ ಬರೆದೆ: "ಹಿಡಿಕೆ ಹಾಕೋ ಜಾಗ. ನನ್ನ ಫೋನ್ ಹಾಳಾದ್ರೂ ನಿನ್ನ ಹತ್ರ ಇರಲಿ."