ಐರ್ಲೆಂಡಿನ ಜನ ಚರ್ಚಿಗೆ ಹೋಗುವುದನ್ನು ಯಾಕೆ ಬಿಟ್ಟರು?

ಊರಿಗೆ ಬಂದಾಗಲೆಲ್ಲ ಈ ಪ್ರಶ್ನೆ ಬಂದೇ ಬರುತ್ತದೆ. ಧಾರವಾಡದಲ್ಲಿ ಸೋದರಮಾವನ ಮನೆಯಲ್ಲಿ, ಮದುವೆಯ ಊಟದ ಪಂಕ್ತಿಯಲ್ಲಿ, ಒಮ್ಮೊಮ್ಮೆ ಬರೀ ಫೋನಿನಲ್ಲಿ. "ನೀವಿರೋ ಐರ್ಲೆಂಡಿನಲ್ಲಿ ಚರ್ಚೆಲ್ಲ ಖಾಲಿಯಂತೆ. ಕ್ರೈಸ್ತ ಧರ್ಮ ಮುಗಿದೇ ಹೋಯಿತಂತೆ. ಹೌದಾ? ಯಾಕೆ ಹಾಗಾಯಿತು?" ಕೆಲವರು ಇದನ್ನು ಖುಷಿಯಿಂದ ಕೇಳುತ್ತಾರೆ. ಮಂಗಳೂರಿನ ನನ್ನ ಕ್ಯಾಥೊಲಿಕ್ ಗೆಳತಿ ಸಂಕಟದಿಂದ ಕೇಳುತ್ತಾಳೆ. ಎಷ್ಟೋ ಸಲ ಕೇಳಿದವರೇ ಉತ್ತರವನ್ನೂ ಹೇಳಿ ಮುಗಿಸುತ್ತಾರೆ: ದುಡ್ಡು ಬಂತು, ಓದು ಜಾಸ್ತಿಯಾಯಿತು, ದೇವರು ಬೇಡವಾದ.

ಡಬ್ಲಿನ್ನಿನಲ್ಲಿ ಇಷ್ಟು ವರ್ಷ ಸಂಸಾರ ಮಾಡಿದ ಮೇಲೆ ಆ ಉತ್ತರವನ್ನು ಒಪ್ಪಲು ನನ್ನಿಂದ ಆಗುವುದಿಲ್ಲ. ನಾನು ನೋಡಿದ ಮಟ್ಟಿಗೆ ಇಲ್ಲಿನ ಜನರಿಗೆ ದೇವರ ಮೇಲೆ ಸಿಟ್ಟಿಲ್ಲ. ಅವರ ಸಿಟ್ಟು ಅಧಿಕಾರದ ಮೇಲೆ. ಶಾಲೆ, ಆಸ್ಪತ್ರೆ, ಕಾನೂನು, ಹೆಣ್ಣುಮಕ್ಕಳ ಬಸಿರು ಎಲ್ಲವೂ ಚರ್ಚಿನ ಮಾತಿನಂತೆ ನಡೆಯುತ್ತಿದ್ದ ದೇಶ ಇದು. ಆ ಗೋಡೆಗಳ ಹಿಂದೆ ಏನಾಗಿತ್ತು ಎಂದು ಗೊತ್ತಾದಾಗ ಜನ ತಾವು ಕೊಟ್ಟಿದ್ದ ಮರ್ಯಾದೆಯನ್ನು ವಾಪಸ್ ತೆಗೆದುಕೊಂಡರು.

ಮೊದಲು ಲೆಕ್ಕ ಹೇಳಿಬಿಡುತ್ತೇನೆ. 1961ರ ಜನಗಣತಿಯಲ್ಲಿ ಇಲ್ಲಿ 100ಕ್ಕೆ ಸುಮಾರು 95 ಜನ ಕ್ಯಾಥೊಲಿಕರು. 2022ರಲ್ಲಿ ಅದು 69ಕ್ಕೆ ಇಳಿಯಿತು. ಯಾವ ಧರ್ಮವೂ ಇಲ್ಲ ಎಂದವರು 7 ಲಕ್ಷಕ್ಕೂ ಜಾಸ್ತಿ, ಅಂದರೆ 100ಕ್ಕೆ 14. ಹಾಗಾಗಿ "ಮುಗಿದೇ ಹೋಯಿತು" ಎನ್ನುವುದು ಸುಳ್ಳು. ಆದರೆ ಹೆಸರಿಗೆ ಕ್ಯಾಥೊಲಿಕ್ ಆಗಿರುವುದು ಬೇರೆ, ಭಾನುವಾರ ಚರ್ಚಿನ ಬಲಿಪೂಜೆಗೆ, ಅಂದರೆ ಮಾಸ್‌ಗೆ, ಹೋಗುವುದು ಬೇರೆ. 1970ರ ದಶಕದ ಆರಂಭದಲ್ಲಿ 10ರಲ್ಲಿ 9 ಕ್ಯಾಥೊಲಿಕರು ಪ್ರತಿ ವಾರ ಹೋಗುತ್ತಿದ್ದರು. ಇವತ್ತು ನನ್ನ ಬೀದಿಯಲ್ಲಿ ಹಾಗೆ ಹೋಗುವವರು ವಯಸ್ಸಾದವರು, ಇಲ್ಲವೇ ಪೋಲೆಂಡ್, ಬ್ರೆಜಿಲ್, ಫಿಲಿಪೀನ್ಸ್, ಕೇರಳದಿಂದ ಬಂದವರು.

1979ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಬಂದಿದ್ದರು. ಡಬ್ಲಿನ್ನಿನ ಫೀನಿಕ್ಸ್ ಪಾರ್ಕಿನಲ್ಲಿ ಅವರ ಪೂಜೆಗೆ 10 ಲಕ್ಷಕ್ಕೂ ಹೆಚ್ಚು ಜನ ಸೇರಿದರು. ಆಗ ಇಡೀ ದೇಶದ ಜನಸಂಖ್ಯೆಯೇ ಸುಮಾರು 34 ಲಕ್ಷ. 2018ರಲ್ಲಿ ಪೋಪ್ ಫ್ರಾನ್ಸಿಸ್ ಅದೇ ಪಾರ್ಕಿಗೆ ಬಂದಾಗ 5 ಲಕ್ಷ ಜನ ಬರಬಹುದು ಎಂದು ಸಿದ್ಧತೆ ನಡೆದಿತ್ತು. ಬಂದವರು ಸುಮಾರು ಒಂದೂವರೆ ಲಕ್ಷ. ಅವತ್ತು ಮಳೆ ಇತ್ತು, ನಿಜ. ಐರ್ಲೆಂಡಿನಲ್ಲಿ ಮಳೆಗೆ ಯಾರೂ ಮನೆಯಲ್ಲಿ ಕೂರುವುದಿಲ್ಲ.

ಚರ್ಚಿಗೆ ಅಷ್ಟು ಬಲ ಹೇಗೆ ಬಂತು ಎನ್ನುವುದನ್ನು ಮೊದಲು ನೋಡಬೇಕು, ಇಲ್ಲದಿದ್ದರೆ ಉಳಿದದ್ದು ಅರ್ಥವಾಗುವುದಿಲ್ಲ. ಬ್ರಿಟಿಷರ ಆಳ್ವಿಕೆಯಲ್ಲಿ ಕ್ಯಾಥೊಲಿಕರಿಗೆ ಜಮೀನು ಕೊಳ್ಳಲು, ಓದಲು, ಸರಕಾರಿ ಹುದ್ದೆ ಹಿಡಿಯಲು ಅಡ್ಡಿ ಹಾಕುವ ಕಾನೂನುಗಳಿದ್ದವು. ಡೇನಿಯಲ್ ಒ'ಕಾನೆಲ್ ಅವರ ಹೋರಾಟದಿಂದ 1829ರಲ್ಲಿ ಕ್ಯಾಥೊಲಿಕರಿಗೆ ಪಾರ್ಲಿಮೆಂಟಿನ ಬಾಗಿಲು ತೆರೆಯಿತು. ಆಮೇಲೆ 1845ರಿಂದ ಆಲೂಗಡ್ಡೆ ಬರಗಾಲ. ಸುಮಾರು 10 ಲಕ್ಷ ಜನ ಸತ್ತರು, ಅಷ್ಟೇ ಜನ ಹಡಗು ಹತ್ತಿದರು. ಆ ಕಾಲವನ್ನೆಲ್ಲ ಬಡವರ ಜೊತೆ ಕಳೆದವರು ಊರಿನ ಪಾದ್ರಿಗಳು. ಹಾಗಾಗಿ ಇಲ್ಲಿ ಕ್ಯಾಥೊಲಿಕ್ ಆಗಿರುವುದೂ ಐರಿಶ್ ಆಗಿರುವುದೂ ಒಂದೇ ಎನ್ನುವ ಭಾವನೆ ಬೆಳೆಯಿತು. 1922ರಲ್ಲಿ ಹುಟ್ಟಿದ ಹೊಸ ದೇಶದ ಕೈಯಲ್ಲಿ ಕಾಸಿರಲಿಲ್ಲ. ಶಾಲೆ, ಆಸ್ಪತ್ರೆ, ಅನಾಥಾಲಯ ನಡೆಸುವ ಕೆಲಸವನ್ನು ಚರ್ಚ್ ಆಗಲೇ ಮಾಡುತ್ತಿತ್ತು. ಸರಕಾರ ಅದನ್ನು ಅವರ ಕೈಯಲ್ಲೇ ಬಿಟ್ಟಿತು. 1937ರ ಸಂವಿಧಾನ ಕ್ಯಾಥೊಲಿಕ್ ಚರ್ಚಿಗೆ ವಿಶೇಷ ಸ್ಥಾನವಿದೆ ಎಂದು ಬರೆದೇಬಿಟ್ಟಿತು.

ಆ ಸ್ಥಾನ ಎಂಥದ್ದು ಎನ್ನುವುದಕ್ಕೆ ನಾನು ಯಾವಾಗಲೂ 1951ರ ಕತೆ ಹೇಳುತ್ತೇನೆ. ಆರೋಗ್ಯ ಮಂತ್ರಿ ನೋಯೆಲ್ ಬ್ರೌನ್ ಎಲ್ಲ ತಾಯಂದಿರಿಗೆ, 16 ವರ್ಷದವರೆಗಿನ ಎಲ್ಲ ಮಕ್ಕಳಿಗೆ ಉಚಿತ ಚಿಕಿತ್ಸೆ ಕೊಡುವ ಯೋಜನೆ ತಂದರು. ಪಾದ್ರಿಗಳ ಮೇಲಿನ ಹಿರಿಯ ಗುರುಗಳಾದ ಬಿಷಪ್‌ಗಳು ಬೇಡ ಎಂದರು. ಮನೆಯ ವಿಷಯದಲ್ಲಿ ಸರಕಾರ ಕೈ ಹಾಕಬಾರದು, ಬಸುರಿ ಹೆಂಗಸರಿಗೆ ಡಾಕ್ಟರು ಏನು ಹೇಳಿಕೊಡುತ್ತಾರೋ ಎನ್ನುವುದು ಅವರ ಆತಂಕ. ವೈದ್ಯರ ಸಂಘವೂ ತನ್ನ ಕಾರಣಗಳಿಗೆ ವಿರೋಧಿಸಿತ್ತು. ಯೋಜನೆ ಬಿತ್ತು. ಮಂತ್ರಿ ರಾಜೀನಾಮೆ ಕೊಟ್ಟರು. ಚುನಾಯಿತ ಸರಕಾರವೊಂದು ತನ್ನ ದೇಶದ ಮಕ್ಕಳಿಗೆ ಔಷಧಿ ಕೊಡಲು ಬಿಷಪ್‌ಗಳ ಒಪ್ಪಿಗೆ ಕೇಳುತ್ತಿತ್ತು. ಓದಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಗರ್ಭನಿರೋಧಕ ಮಾರುವುದು ಅಪರಾಧವಾಗಿತ್ತು. 1971ರಲ್ಲಿ ಮಹಿಳಾ ಹೋರಾಟಗಾರರು ರೈಲು ಹತ್ತಿ, ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟಿಗೆ ಹೋಗಿ ಅವನ್ನು ಕೊಂಡು, ಡಬ್ಲಿನ್ ಸ್ಟೇಷನ್ನಿನಲ್ಲಿ ಕಸ್ಟಮ್ಸ್‌ನವರ ಎದುರೇ ಎತ್ತಿ ತೋರಿಸಿದರು. ವಿಚ್ಛೇದನಕ್ಕೆ ಅವಕಾಶ ಸಿಕ್ಕಿದ್ದು 1995ರ ಜನಮತದಲ್ಲಿ, ಅದೂ ಸುಮಾರು 9 ಸಾವಿರ ಮತಗಳ ಅಂತರದಲ್ಲಿ.

ಬಿರುಕು ದೊಡ್ಡದಾಗಿ ಕಂಡಿದ್ದು 1992ರಲ್ಲಿ. ಗಾಲ್ವೇಯ ಬಿಷಪ್ ಇಮನ್ ಕೇಸಿಗೆ ಒಬ್ಬ ಮಗನಿದ್ದಾನೆ ಎಂಬ ಸುದ್ದಿ ಹೊರಬಂತು. 1979ರಲ್ಲಿ ಪೋಪ್ ಬರುವ ಮುಂಚೆ ಗಾಲ್ವೇಯ ಮೈದಾನದಲ್ಲಿ ಯುವಕರನ್ನು ಹುರಿದುಂಬಿಸಿದ್ದವರು ಇವರೇ. ಒಬ್ಬ ಮನುಷ್ಯನಿಗೆ ಮಗು ಇರುವುದು ಪಾಪವೇನಲ್ಲ, ಅಲ್ವಾ? ಆದರೆ ಮದುವೆಯಾಗದೆ ಬಸಿರಾದ ಹುಡುಗಿಯರನ್ನು ಅದೇ ಚರ್ಚ್ ಏನು ಮಾಡುತ್ತಿತ್ತು ಎನ್ನುವುದು ಎಲ್ಲರಿಗೂ ನೆನಪಿತ್ತು. ಇದಕ್ಕಿಂತ ಭೀಕರವಾದದ್ದು ಆಮೇಲೆ ಬಂತು. ಮಕ್ಕಳ ಮೇಲೆ ದಶಕಗಟ್ಟಲೆ ಅತ್ಯಾಚಾರ ಮಾಡಿದ ಪಾದ್ರಿ ಬ್ರೆಂಡನ್ ಸ್ಮಿತ್‌ನ ಪ್ರಕರಣದ ಗದ್ದಲದಲ್ಲಿ 1994ರಲ್ಲಿ ಸರಕಾರವೇ ಉರುಳಿತು. 2009ರ ಎರಡು ತನಿಖಾ ವರದಿಗಳು ಮಿಕ್ಕದ್ದನ್ನು ಹೇಳಿದವು. ಒಂದು, ಧಾರ್ಮಿಕ ಸಂಸ್ಥೆಗಳ ವಸತಿ ಶಾಲೆಗಳಲ್ಲಿ ಮಕ್ಕಳಿಗೆ ಕೊಟ್ಟ ಹಿಂಸೆಯ ಬಗ್ಗೆ. ಇನ್ನೊಂದು, ಡಬ್ಲಿನ್ನಿನ ಬಿಷಪ್‌ಗಳು ದೂರುಗಳನ್ನು ಮುಚ್ಚಿಟ್ಟು, ತಪ್ಪಿತಸ್ಥ ಪಾದ್ರಿಗಳನ್ನು ಬೇರೆ ಬೇರೆ ಊರಿಗೆ ವರ್ಗ ಮಾಡಿದ್ದರ ಬಗ್ಗೆ. ಜನರ ಮನಸ್ಸು ಮುರಿದದ್ದು ಈ ಮುಚ್ಚಿಡುವಿಕೆಯಿಂದ ಎಂದು ನನ್ನ ಪಕ್ಕದ ಮನೆಯ ಅಜ್ಜಿ ಹೇಳುತ್ತಾರೆ. ಅವರು ಈಗಲೂ ಮನೆಯಲ್ಲಿ ಜಪಸರ ಹಿಡಿಯುತ್ತಾರೆ. ಚರ್ಚಿಗೆ ಮಾತ್ರ ಹೋಗುವುದಿಲ್ಲ.

ಮ್ಯಾಗ್ಡಲೀನ್ ಲಾಂಡ್ರಿಗಳ ಬಗ್ಗೆ ಕೇಳಿರಬಹುದು. ಸನ್ಯಾಸಿನಿಯರು ನಡೆಸುತ್ತಿದ್ದ ಬಟ್ಟೆ ಒಗೆಯುವ ಮನೆಗಳು ಅವು. 1922ರಿಂದೀಚೆಗೆ ಅಲ್ಲಿ ಸಂಬಳವಿಲ್ಲದೆ ದುಡಿದ ಹೆಂಗಸರು ಸುಮಾರು 10 ಸಾವಿರ. ಕೊನೆಯದು ಡಬ್ಲಿನ್ನಿನಲ್ಲಿ ಮುಚ್ಚಿದ್ದು 1996ರಲ್ಲಿ. ಟ್ಯೂಮ್ ಎಂಬ ಸಣ್ಣ ಪಟ್ಟಣದಲ್ಲಿ 1925ರಿಂದ 1961ರವರೆಗೆ ಮದುವೆಯಾಗದ ತಾಯಂದಿರ ಆಶ್ರಮವಿತ್ತು. ಕ್ಯಾಥರೀನ್ ಕಾರ್ಲೆಸ್ ಎಂಬ ಸ್ಥಳೀಯ ಇತಿಹಾಸಕಾರ್ತಿ ತಮ್ಮ ಕೈಯಿಂದ ದುಡ್ಡು ಕೊಟ್ಟು ಅಲ್ಲಿ ಸತ್ತ 796 ಮಕ್ಕಳ ಮರಣ ಪತ್ರ ತೆಗೆಸಿದರು. ಎಲ್ಲಿ ಹೂತರು ಎನ್ನುವ ದಾಖಲೆ ಮಾತ್ರ ಸಿಗಲಿಲ್ಲ. 2017ರಲ್ಲಿ ಆ ಜಾಗದ ನೆಲದಡಿಯ ಕೋಣೆಗಳಲ್ಲಿ ಕೂಸುಗಳ ಎಲುಬು ಸಿಕ್ಕವು. ಅಗೆದು ಗುರುತಿಸುವ ಕೆಲಸ ಶುರುವಾಗಿದ್ದು 2025ರ ಜುಲೈನಲ್ಲಿ. ಒಬ್ಬ ಗೃಹಿಣಿ ಲೈಬ್ರರಿಯಲ್ಲಿ ಕೂತು ಮಾಡಿದ ಕೆಲಸಕ್ಕೆ ಒಂದು ದೇಶ ತಲೆ ತಗ್ಗಿಸಿತು.

ಇನ್ನು ಸವಿತಾ ಹಾಲಪ್ಪನವರ್. ನಮ್ಮ ಕಡೆಯವರಿಗೆ ಈ ಹೆಸರು ಗೊತ್ತು. ಬೆಳಗಾವಿಯ ಮಗಳು, ದಂತವೈದ್ಯೆ, ಗಂಡನ ಜೊತೆ ಗಾಲ್ವೇಯಲ್ಲಿದ್ದರು. 2012ರ ಅಕ್ಟೋಬರ್ 21ರಂದು 17 ವಾರದ ಬಸುರಿಯಾಗಿ ಬೆನ್ನುನೋವೆಂದು ಆಸ್ಪತ್ರೆಗೆ ಹೋದರು. ಗರ್ಭ ಉಳಿಯುವುದಿಲ್ಲ ಎಂದು ವೈದ್ಯರಿಗೆ ಗೊತ್ತಾಗಿತ್ತು. ತೆಗೆದುಬಿಡಿ ಎಂದು ಸವಿತಾ ಕೇಳಿದರು. ಭ್ರೂಣದ ಎದೆಬಡಿತ ಇರುವ ತನಕ ಆಗುವುದಿಲ್ಲ ಎಂಬ ಉತ್ತರ ಬಂತು. ತಾಯಿಯ ಜೀವಕ್ಕೂ ಭ್ರೂಣದ ಜೀವಕ್ಕೂ ಸಮಾನ ಹಕ್ಕು ಎಂದು 1983ರಲ್ಲಿ ಚರ್ಚಿನ ಬೆಂಬಲದೊಂದಿಗೆ ಸಂವಿಧಾನಕ್ಕೆ ಸೇರಿಸಿದ್ದ ತಿದ್ದುಪಡಿಯ ನೆರಳು ಅದು. ಇದು ಕ್ಯಾಥೊಲಿಕ್ ದೇಶ ಎಂದು ತಾನು ಹೇಳಿದ್ದು ನಿಜ ಎಂದು ಒಬ್ಬ ಸೂಲಗಿತ್ತಿ ನರ್ಸ್ ವಿಚಾರಣೆಯಲ್ಲಿ ಒಪ್ಪಿಕೊಂಡರು. ರಕ್ತಕ್ಕೆ ನಂಜು ಏರಿದ್ದನ್ನು ಸಮಯಕ್ಕೆ ಸರಿಯಾಗಿ ಗುರುತಿಸಲಿಲ್ಲ ಎಂದೂ ತನಿಖೆಗಳು ಹೇಳಿದವು. ಅಕ್ಟೋಬರ್ 28ರಂದು ಅವರು ತೀರಿಕೊಂಡರು. ವಯಸ್ಸು 31.

ಅವರು ಈ ದೇಶದವರಲ್ಲ, ಈ ಧರ್ಮದವರೂ ಅಲ್ಲ. ಆದರೂ ಇಲ್ಲಿಯ ಹೆಣ್ಣುಮಕ್ಕಳು ಮೇಣದ ಬತ್ತಿ ಹಿಡಿದು ಬೀದಿಗೆ ಬಂದರು. 2018ರ ಮೇ 25ರಂದು ಆ ತಿದ್ದುಪಡಿಯನ್ನು ಕಿತ್ತುಹಾಕಲು ಜನಮತ ನಡೆಯಿತು. ಸವಿತಾ ಅವರ ತಂದೆ ಬೆಳಗಾವಿಯಿಂದಲೇ ವಿಡಿಯೊದಲ್ಲಿ ಮನವಿ ಮಾಡಿದ್ದರು. 100ಕ್ಕೆ 66 ಮಂದಿ ಹೌದು ಎಂದರು. ಡಬ್ಲಿನ್ನಿನ ಪೋರ್ಟೊಬೆಲ್ಲೊದಲ್ಲಿ ಗೋಡೆಯ ಮೇಲೆ ಬಿಡಿಸಿದ್ದ ಸವಿತಾ ಚಿತ್ರದ ಸುತ್ತ ಜನ ಕ್ಷಮೆ ಕೇಳಿ ಚೀಟಿಗಳನ್ನು ಅಂಟಿಸಿದರು. ಹೌದು ಎಂದವರಲ್ಲಿ ಜ್ಞಾನಸ್ನಾನ (ಚರ್ಚಿಗೆ ಸೇರಿಸಿಕೊಳ್ಳುವ ಸಂಸ್ಕಾರ) ಪಡೆದ ಕ್ಯಾಥೊಲಿಕರೇ ಜಾಸ್ತಿ. ಧರ್ಮ ಬಿಟ್ಟವರಿಂದಷ್ಟೇ ಆಗುವ ಕೆಲಸ ಅದಾಗಿರಲಿಲ್ಲ, ಲೆಕ್ಕವೇ ಹಾಗಿದೆ.

ದುಡ್ಡು, ಓದು, ಟಿವಿ ಇವುಗಳ ಪಾತ್ರವೇ ಇಲ್ಲ ಎನ್ನುತ್ತಿಲ್ಲ. 1990ರ ದಶಕದಲ್ಲಿ ಇಲ್ಲಿ ಕೆಲಸ ಹೆಚ್ಚಿತು, ವಲಸೆ ಹೋದವರು ಬೇರೆ ಲೋಕ ಕಂಡು ತಿರುಗಿ ಬಂದರು. ಆದರೆ ಪಕ್ಕದ ಇಂಗ್ಲೆಂಡ್ ನೋಡಿ. ಅಲ್ಲಿ ಜನ ನಿಧಾನವಾಗಿ, ಜಗಳವಿಲ್ಲದೆ, ಸುಮ್ನೆ ಚರ್ಚಿಗೆ ಹೋಗುವುದನ್ನು ಬಿಟ್ಟರು. 2021ರ ಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಕ್ರೈಸ್ತರು ಅರ್ಧಕ್ಕಿಂತ ಕಡಿಮೆಯಾದರು. ಯಾರೂ ಅತ್ತಿದ್ದು ನಾನು ಕಾಣೆ. ಐರ್ಲೆಂಡಿನಲ್ಲಿ ನೋವಿದೆ. ಅಣ್ಣತಮ್ಮಂದಿರ ನಡುವೆ ಆಸ್ತಿ ಜಗಳವಾದ ಮನೆಯಲ್ಲಿ ಇರುವಂಥ ನೋವು.

ಹಾಗಾದರೆ ಏನು ಉಳಿದಿದೆ ಎಂದು ಕೇಳುತ್ತೀರಿ. ಬಹಳ ಉಳಿದಿದೆ. ಸಂಜೆ 6ಕ್ಕೆ ಸರಕಾರಿ ಟಿವಿಯಲ್ಲಿ ವಾರ್ತೆಗೆ ಮುಂಚೆ ಇವತ್ತಿಗೂ ಪ್ರಾರ್ಥನೆಯ ಗಂಟೆ ಬಾರಿಸುತ್ತದೆ. ಯಾರಾದರೂ ಸತ್ತರೆ ಇಡೀ ಬೀದಿ ಚರ್ಚಿನಲ್ಲಿರುತ್ತದೆ, ತಿಂಗಳಾದ ಮೇಲೆ ಅವರ ಹೆಸರಿನಲ್ಲಿ ಪೂಜೆ ನಡೆಯುತ್ತದೆ. ಜುಲೈ ಕೊನೆಯ ಭಾನುವಾರ ಸಾವಿರಾರು ಜನ ಕ್ರೋ ಪ್ಯಾಟ್ರಿಕ್ ಬೆಟ್ಟ ಹತ್ತುತ್ತಾರೆ, ಕೆಲವರು ಬರಿಗಾಲಲ್ಲಿ. ಡಬ್ಲಿನ್ನಿನ ಬೋ ಸ್ಟ್ರೀಟಿನಲ್ಲಿ ಕಪುಚಿನ್ ಎಂಬ ಸನ್ಯಾಸಿ ಪಂಗಡದ ಗುರುಗಳ ಊಟದ ಮನೆಯಿದೆ. 1969ರಲ್ಲಿ ಬ್ರದರ್ ಕೆವಿನ್ ಕ್ರೌಲಿ ಶುರು ಮಾಡಿದ್ದು. ಮನೆಯಿಲ್ಲದವರಿಗೆ ಬಿಸಿ ಊಟ, ಯಾರು ಏನು ಎಂದು ಕೇಳುವುದಿಲ್ಲ. ಚರ್ಚನ್ನು ಬಾಯಿ ತುಂಬ ಬೈಯುವವರೂ ಆ ಬ್ರದರ್ ಬಗ್ಗೆ ಕೆಟ್ಟ ಮಾತಾಡಿದ್ದನ್ನು ನಾನು ಕೇಳಿಲ್ಲ.

ಖುಷಿಯಿಂದ ಕೇಳುವ ನೆಂಟರಿಗೆ ನಾನು ಒಂದು ಮಾತು ನೇರವಾಗಿ ಹೇಳುತ್ತೇನೆ. ಇದರಲ್ಲಿ ನಾವು ಗೆದ್ದಿದ್ದು ಏನೂ ಇಲ್ಲ. ಮಠವಾಗಲಿ ಮಸೀದಿಯಾಗಲಿ ಚರ್ಚಾಗಲಿ, ಕಾನೂನು ಬರೆಯುವವರ ಪಕ್ಕ ಕುರ್ಚಿ ಹಾಕಿಕೊಂಡು ಕೂತರೆ ಇದೇ ಗತಿ ಬರಬಹುದು, ಮತ್ತು ಅದಕ್ಕೂ ಮೊದಲು ಎಷ್ಟೋ ಹೆಣ್ಣುಮಕ್ಕಳು, ಮಕ್ಕಳು ಅದರ ಬೆಲೆ ತೆತ್ತಿರುತ್ತಾರೆ. ಮಂಗಳೂರಿನ ಗೆಳತಿಗೆ ಹೇಳುವುದು ಬೇರೆ. ಡಬ್ಲಿನ್ನಿನ ಆರ್ಚ್‌ಬಿಷಪ್ ಆಗಿದ್ದ ಡಿಯರ್‌ಮಿಡ್ ಮಾರ್ಟಿನ್ ತಮ್ಮ ಕಚೇರಿಯ ಸಾವಿರಾರು ಕಡತಗಳನ್ನು ತನಿಖೆಗೆ ಒಪ್ಪಿಸಿದರು. ತಮ್ಮವರಿಂದಲೇ ಬೈಸಿಕೊಂಡರು. ಇಂಥವರು ಇನ್ನಷ್ಟು ಜನ, ಇನ್ನೂ ಮೊದಲೇ ಇದ್ದಿದ್ದರೆ ಕತೆ ಬೇರೆಯಾಗುತ್ತಿತ್ತು ಎಂದು ನಾನು ನಂಬುತ್ತೇನೆ.

ಕೊನೆಗೆ ಎಲ್ಲರೂ ಕೇಳುವುದು, ಮುಂದೇನು ಅಂತ. ಈಗಿನ ದೊಡ್ಡ ಜಗ್ಗಾಟ ಶಾಲೆಗಳದ್ದು. ಮೇಷ್ಟ್ರ ಸಂಬಳ ಕೊಡುವುದು ಸರಕಾರ, ಆದರೆ 100ರಲ್ಲಿ ಸುಮಾರು 88 ಪ್ರಾಥಮಿಕ ಶಾಲೆಗಳ ಆಡಳಿತ ಇನ್ನೂ ಕ್ಯಾಥೊಲಿಕ್ ಚರ್ಚಿನ ಕೈಯಲ್ಲಿದೆ. ಸೀಟು ಕೊಡುವಾಗ ಜ್ಞಾನಸ್ನಾನ ಆಗಿದೆಯಾ ಎಂದು ನೋಡುವುದನ್ನು 2018ರ ಕಾನೂನು ನಿಲ್ಲಿಸಿತು. ನನ್ನ ಮಗಳೂ ಅಂಥದ್ದೇ ಶಾಲೆಯಲ್ಲಿ ಓದುತ್ತಾಳೆ. ಎರಡನೇ ತರಗತಿಯಲ್ಲಿ ಉಳಿದ ಮಕ್ಕಳು ಪ್ರಥಮ ಪರಮಪ್ರಸಾದಕ್ಕೆ, ಅಂದರೆ ಪೂಜೆಯ ಪವಿತ್ರ ರೊಟ್ಟಿಯನ್ನು ಮೊದಲ ಸಲ ಸ್ವೀಕರಿಸುವುದಕ್ಕೆ, ತಯಾರಾಗುವಾಗ ಅವಳು ಹಿಂದಿನ ಬೆಂಚಿನಲ್ಲಿ ಚಿತ್ರಕ್ಕೆ ಬಣ್ಣ ತುಂಬುತ್ತ ಕೂತಿರುತ್ತಿದ್ದಳು. ಟೀಚರು ಒಳ್ಳೆಯವರು, ಯಾರೂ ಅವಳಿಗೆ ಕೆಟ್ಟದ್ದು ಮಾಡಿಲ್ಲ. ಆದರೂ ಆ ಬೆಂಚು ನನಗೆ ಹಿಡಿಸುವುದಿಲ್ಲ. 2030ರ ಹೊತ್ತಿಗೆ ಎಲ್ಲ ಧರ್ಮದವರಿಗೂ ಸಮಾನವಾದ 400 ಶಾಲೆ ಮಾಡುತ್ತೇವೆ ಎಂದು ಸರಕಾರ ಹೇಳಿದೆ. ಒಂದು ಶಾಲೆಯ ಆಡಳಿತ ಬದಲಾಗಬೇಕಾದರೆ ಅಲ್ಲಿನ ತಂದೆತಾಯಂದಿರು ಒಪ್ಪಬೇಕು, ಬಿಷಪ್ಪರೂ ಒಪ್ಪಬೇಕು. ಪೂಜೆಗೆ ಹೋಗದ ತಂದೆತಾಯಂದಿರಲ್ಲೂ ಎಷ್ಟೋ ಜನ ಶಾಲೆ ಇದ್ದ ಹಾಗೇ ಇರಲಿ ಎನ್ನುತ್ತಾರೆ.